ಸಪ್ಪಳವಿಲ್ಲದ ಜೀಪು

ನ್ಯಾಯ ನೀವೇ ಹೇಳಿ. ಜೀಪು ನಮ್ಮಪ್ಪನದು. ಅದರ ಡೀಸೆಲ್ ಇಂಜಿನ್ ಕಿತ್ತು ಬ್ಯಾಟರಿ ಹಾಕಿಸುವ ಮಹಾನ್ ಆಲೋಚನೆ ನನ್ನದು. ಲೋಕಾಪುರದ ಗ್ಯಾರೇಜಿಗೆ ಅಲೆದು ಚಪ್ಪಲಿ ಸವೆಸಿದವನೂ ನಾನೇ. ಈಗ ಅದರ ಚಾವಿ ಯಾರ ಸೊಂಟದಲ್ಲಿದೆ? ನನ್ನ ಹೆಂಡತಿ ಅನುಸೂಯಾಳ ಸೊಂಟದಲ್ಲಿ!

ಬ್ಯಾಟರಿ ಹಾಕಿಸಿದ ನಿಜವಾದ ಕಾರಣ ನಿಮಗೆ ಮಾತ್ರ ಹೇಳುತ್ತೇನೆ. ಪ್ರತಿವರ್ಷ ಚಾತುರ್ಮಾಸದಲ್ಲಿ ನಾವಿಬ್ಬರೂ ಬಸದಿಯಲ್ಲಿ ನೇಮ ಹಿಡಿಯುತ್ತೇವೆ: ಉಳ್ಳಾಗಡ್ಡಿ ಮುಟ್ಟುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. (ಹಿಡಿಯುವವಳು ಅವಳು. ನಾನು ಪಕ್ಕದಲ್ಲಿ ಕೈಮುಗಿದು ನಿಂತಿರುತ್ತೇನೆ, ಅಷ್ಟೇ.) ಆದರೆ ಮಹಾಲಿಂಗಪುರ ಬಸ್‌ಸ್ಟ್ಯಾಂಡಿನ ಉಳ್ಳಾಗಡ್ಡಿ ಭಜಿ ನನ್ನನ್ನು ಹೆಸರು ಹಿಡಿದು ಕರೆಯುತ್ತದೆ. ಹೋಗೋಣವೆಂದರೆ ಆ ಜೀಪು! ಚಾವಿ ತಿರುವಿದರೆ ಸಾಕು, ನಮ್ಮೂರು ತೇರದಾಳ ಇಡೀ ಎದ್ದು ಕೂರುತ್ತಿತ್ತು. "ಈಗ ಎಲ್ಲಿಗ್ರೀ?" ಎಂದು ಅನುಸೂಯಾ ಬಾಗಿಲಿಗೆ ಬರುತ್ತಿದ್ದಳು.

ಸಪ್ಪಳವಿಲ್ಲದೆ ಪಾರಾಗಲು ಉಪಾಯ ಹೂಡಿದೆ. "ಡೀಸೆಲ್ ಹೊಗಿಗೆ ಎಷ್ಟು ಜೀವ ಸಾಯ್ತಾವ ನೋಡು! ಬ್ಯಾಟರಿ ಅಂದ್ರ ಅಹಿಂಸಾ," ಎಂದು ಪ್ರವಚನ ಕೊಟ್ಟೆ. ಅವಳ ಕಣ್ಣಲ್ಲಿ ನೀರೇ ಬಂತು.

ಕೆಲಸ ಮುಗಿಸಿ ಗಾಡಿ ತಂದುಬಿಟ್ಟ ಮೆಕ್ಯಾನಿಕ್ ಮುರಗೆಪ್ಪ ಬಾಯಿ ಮುಚ್ಚಿಕೊಂಡು ಹೋಗಬಾರದಿತ್ತೇ? "ಅಕ್ಕಾರ, ಕ್ಲಚ್ಚಿನ ಕಾಟ ಇಲ್ರಿ ಈಗ. ಹೊಲಿಗಿ ಮಷಿನ್ ತುಳದಂಗ ತುಳದ್ರ ಆತು," ಎಂದ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ ಹೇಳುವ ಮಾತೇ ಇದು? ಎಂಟೇ ದಿನದಲ್ಲಿ ಕಲಿತುಬಿಟ್ಟಳು. ಬಸದಿಗೆ ಜೀಪು, ಹಿಟ್ಟಿನ ಗಿರಣಿಗೆ ಜೀಪು, ಬಾಣಂತಿ ನೋಡಲು ಜೀಪು. ನನಗೆ ಬಸ್ಸು!

ಕಳೆದ ಗುರುವಾರ 'ಮಹಾಲಿಂಗಪುರದಾಗ ಸೊಸೈಟಿ ಮೀಟಿಂಗ್ ಐತಿ' ಎಂದು ಸುಳ್ಳು ಹೇಳಿ, ಬಸ್ಸಿನಲ್ಲಿ ಜೋತಾಡುತ್ತ ಅಲ್ಲಿನ ಬಸ್‌ಸ್ಟ್ಯಾಂಡ್ ಸೇರಿದೆ. ಹೊತ್ತು ಇಳಿಯುತ್ತಿತ್ತು. ರಸ್ತೆಗೆ ಬೆನ್ನು ಮಾಡಿ ನಾಲ್ಕನೆಯ ಭಜಿ ಬಾಯಿಗಿಟ್ಟು, ಅಂಗಡಿಯ ರೇವಪ್ಪನ ಮುಂದೆ ಸಂಕಟ ತೋಡಿಕೊಂಡೆ. "ಜೀಪು ನಂದು. ಆಕಿ ನನ್ನ ಒಂದ ಮಾತರ ಕೇಳ್ಯಾಳೇನಪಾ?"

ರೇವಪ್ಪ ನನ್ನ ಬೆನ್ನ ಹಿಂದೆ ನೋಡುತ್ತಿದ್ದ.

"ಈಗ ಕೇಳಿದೆನಲ್ರಿ."

ತಿರುಗಿದೆ. ಜೀಪಿನಲ್ಲಿ ಅನುಸೂಯಾ, ಪಕ್ಕದಲ್ಲಿ ನೆರೆಮನೆಯ ಸಾವಕ್ಕ. ಹಳೆಯ ಇಂಜಿನ್ ಇದ್ದಿದ್ದರೆ ರಬಕವಿ ದಾಟುವಾಗಲೇ ನನ್ನನ್ನು ಎಚ್ಚರಿಸುತ್ತಿತ್ತು!

"ಇದೇನು ಮೀಟಿಂಗ್ರಿ?"

"ಈ ಭಜಿ ನಂದಲ್ಲ. ರೇವಪ್ಪ ಹಿಡಕೋ ಅಂದಾ, ಹಿಡಕೊಂಡೀನಿ."

"ಬಾಯಾಗ ಹಿಡಕೋ ಅಂದನೇನ್ರಿ?"

ಸೀಟಿನ ಕೆಳಗಿಂದ ಬುತ್ತಿಯ ಗಂಟು ತೆಗೆದಳು. "ಮೀಟಿಂಗ್ ತಡ ಆದ್ರ ಉಪಾಸ ಬೀಳ್ತೀರಂತ ಹೋಳಿಗಿ ಮಾಡಿಕೊಂಡು, ಹೊತ್ತು ಮುಳುಗೂದ್ರಾಗ ಉಣ್ಣಸಾಕ ಓಡಿಸ್ಕೊಂಡು ಬಂದೀನಿ."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಹಸಿವು ಅದಕ್ಕಿಂತ ಹೆಚ್ಚಾಗಿತ್ತು. ಕೈ ಚಾಚಿದೆ. ಅವಳು ಪಡುವಣಕ್ಕೆ ನೋಡಿದಳು.

"ಮುಳುಗ್ತು."

"ಇನ್ನೂ ಬೆಳಕೈತಲಾ!"

"ನೇಮ ಅಂದ್ರ ನೇಮ. ಹಿಂದ ಹತ್ರಿ. ಮುಂದ ಸಾವಕ್ಕ ಕುಂತಾಳ."

ಹತ್ತಿದೆ. ಬುತ್ತಿ ನನ್ನ ತೊಡೆಯ ಮೇಲೆ, ಇನ್ನೂ ಬಿಸಿ. ಊರ ಹೊರಗೆ ಕತ್ತಲಾದಾಗ ತಡೆಯಲಾಗದೆ ಮೆಲ್ಲಗೆ, ಬಲು ಮೆಲ್ಲಗೆ, ಗಂಟಿಗೆ ಕೈಹಾಕಿದೆ.

"ಕೇಳಸ್ತೈತ್ರಿ!" ಎಂದಳು ಅನುಸೂಯಾ, ತಿರುಗಿಯೂ ನೋಡದೆ.