ದಿಬ್ಬಣದ ತುಂಬ ಚಂದಪ್ಪ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಪಕಾರದ ಒತ್ತು.

ಮುಕ್ತ ತಂತ್ರಾಂಶ ಬಳಗದ ಸಮ್ಮೇಳನ ಮೊಟ್ಟಮೊದಲ ಸಲ ಬಾಗಲಕೋಟೆಗೆ ಬಂದಿತ್ತು. ನವನಗರದ ಕಲ್ಯಾಣಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ಖಲೀಲ ಮತ್ತು ನಿಖತ ಬ್ಯಾಜು ಮುದ್ರಿಸುವ ಯಂತ್ರವನ್ನು ಆಗಷ್ಟೇ ಚಾಲೂ ಮಾಡಿದ್ದರು. ಮೊದಲು ಬಂದವನು ಐಹೊಳೆಯ ಚಂದಪ್ಪ. ಪ್ರವಾಸಿಗರಿಗೆ ಗುಡಿ ತೋರಿಸುವುದು ಅವನ ಕಸುಬು. ಬಿಡುವಿದ್ದಾಗ ಊರಿನ ಓಣಿ ಓಣಿಯನ್ನೂ ಎಲ್ಲರೂ ಬಳಸಬಹುದಾದ ನಕ್ಷೆಗೆ ಸೇರಿಸುವುದು ಅವನ ಹುಚ್ಚು. ಬಯಲಿನಲ್ಲಿ ನಿಂತು ಬಸ್ಸುಗಟ್ಟಲೆ ಜನಕ್ಕೆ ಕೇಳುವಂತೆ ಮಾತಾಡಿ ಮಾತಾಡಿ, ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು.

ಬ್ಯಾಜನ್ನು ತೋಳುದ್ದ ದೂರ ಹಿಡಿದು ನೋಡಿ ಅವನು ಗುಡುಗಿದ: “ಏನ್ರಿ ಇದು? ನಾ ಚಂದಪ್ಪ. ಇಲ್ಲಿ ‘ಚಂದಪ್’ ಅಂತ ಐತಿ. ಆಮ್ಯಾಲೆ ಒಂದು ‘ಪ’ ಬ್ಯಾರೆನ ನಿಂತೈತಿ, ಬಸ್ ತಪ್ಪಿದವರಂಗ!”

ಖಲೀಲನಿಗೆ ಯಾರೋ ತನ್ನ ಮಗುವಿಗೆ ಮೆಳ್ಳಗಣ್ಣು ಎಂದಷ್ಟು ನೋವಾಯಿತು. ಆ ಬ್ಯಾಜು ಮುದ್ರಿಸಿದ ತಂತ್ರಾಂಶ ಅವನದೇ ಕೂಸು. ಹೆಸರು ‘ದಿಬ್ಬಣ’. ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಖಲೀಲ, ಅವನ ಹಳೆಯ ವಿದ್ಯಾರ್ಥಿನಿ ನಿಖತ, ಬಾದಾಮಿ, ಇಳಕಲ್ಲಿನ ಕೆಲವು ಗೆಳೆಯರು ಸೇರಿ ಭಾನುವಾರಗಳನ್ನೆಲ್ಲ ಸುಟ್ಟು ಅದನ್ನು ಕಟ್ಟಿದ್ದರು. ಯಾರು ಬಂದರು, ಯಾವ ಕೋಣೆಯಲ್ಲಿ ಯಾರ ಭಾಷಣ, ಯಾರು ಉಂಡರು, ಯಾರು ಉಣ್ಣಲಿಲ್ಲ, ಎಲ್ಲವನ್ನೂ ಮದುವೆಮನೆಯ ಹಿರಿಯನಂತೆ ಅದೇ ನೋಡಿಕೊಳ್ಳುತ್ತಿತ್ತು. ಕೆರೆಯ ನೀರಿನಂತೆ ಅದನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಬಳಸಬಹುದು.

ಸಮ್ಮೇಳನದ ಅಧ್ಯಕ್ಷರಾದ, ಪ್ರಿಂಟಿಂಗ್ ಪ್ರೆಸ್ಸಿನ ಅಹ್ಮದಸಾಬರಿಗೆ ಮಾತ್ರ ದಿಬ್ಬಣದ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. “ಪುಕ್ಕಟ ಸಿಗೂದು ಪುಕ್ಕಟ ಕೆಲಸನ ಮಾಡತೈತಿ ನೋಡಪಾ. ಈ ವರ್ಷ ನಿನ್ನ ಮಾತು ಕೇಳ್ತೇನಿ. ಏನರೆ ಎಡವಟ್ಟಾತಂದ್ರ ಮುಂದಿನ ವರ್ಷ ಕಂಪನಿಯವರ ಕಡೆಯಿಂದ ತರಸ್ತೇನಿ” ಎಂದಿದ್ದರು. “ಒಂದು ಕೂದಲೂ ಕೊಂಕೂದಿಲ್ಲ ಚಾಚಾ” ಎಂದು ಖಲೀಲ ಎದೆ ತಟ್ಟಿ ಹೇಳಿದ್ದ.

ಈಗ ಬಾಗಿಲಲ್ಲೇ ಒಂದು ಪಕಾರ ಕೊಂಕಿತ್ತು.

“ತಡೀರಿ ಚಂದಪ್ಪಾರ, ಹಿಂಗ ಸರಿ ಮಾಡ್ತೇನಿ” ಎಂದು ಖಲೀಲ ಲ್ಯಾಪ್‌ಟಾಪ್ ಎಳೆದುಕೊಂಡ.

ನಿಖತ ಅಡ್ಡ ಬಂದಳು. “ಸರ್, ಇನ್ನೊಬ್ಬರು ನೋಡದ ಒಂದು ಸಾಲೂ ಒಳಗ ಹೋಗಬಾರದು ಅಂತ ನೀವ ನಿಯಮ ಮಾಡೀರಿ. ನಾ ಒಮ್ಮೆ ನೋಡ್ತೇನಿ.”

“ಒಂದು ಒತ್ತಕ್ಷರಕ್ಕ ಎಂಥಾ ನಿಯಮ ನಿಖತ? ಅಲ್ಲಿ ಪಾಳಿ ಹಚ್ಯಾರ, ಅವರನ್ನ ನೋಡು.”

ಒತ್ತು ಕೂಡಿಸುವ ಸಾಲನ್ನು ಅವನು ಬರೆದ. ಸರಿಯಾಯಿತೋ ಇಲ್ಲವೋ ನೋಡಲು, ಬಂದವರ ಹೆಸರು ಬರಬೇಕಾದ ಜಾಗದಲ್ಲಿ ತಾನೇ ‘ಚಂದಪ್ಪ’ ಎಂದು ಬರೆದು ಯಂತ್ರಕ್ಕೆ ಕೊಟ್ಟ. ಬ್ಯಾಜು ಹೊರಬಂತು. ಪಕಾರದ ಕೆಳಗೆ ಒತ್ತು ತಾಯಿಯ ಸೊಂಟಕ್ಕೆ ಅಂಟಿದ ಕೂಸಿನಂತೆ ಕೂತಿತ್ತು. ಚಂದಪ್ಪ “ಭೇಷ್!” ಎಂದ ಅಬ್ಬರಕ್ಕೆ ಹೊರಗಿನ ಪಾರಿವಾಳಗಳು ಎದ್ದವು. ಖಲೀಲ ಉಬ್ಬಿಹೋಗಿ, ತಿದ್ದಿದ್ದನ್ನು ಜಗತ್ತಿಗೆಲ್ಲ ಸಿಗುವ ಅಂತರ್ಜಾಲದ ಕಣಜಕ್ಕೂ ಒಂದೇ ಏಟಿಗೆ ಕಳಿಸಿ, ಚಹಾ ಕುಡಿಯಲು ಹೋದ. ಪರೀಕ್ಷೆಗೆಂದು ಬರೆದ ಹೆಸರನ್ನು ಅಳಿಸಲಿಲ್ಲ.

ಅವನು ಚಹಾ ಮುಗಿಸುವಷ್ಟರಲ್ಲಿ ಹುನಗುಂದದ ಬಾಳಮ್ಮ ಟೀಚರು ಬಂದು ಎದುರಿಗೆ ನಿಂತರು.

“ಏನ್ರಿ ಸರ, ಬಾಳಮ್ಮ ಆಗಿ ಮನಿಯಿಂದ ಹೊಂಟಾಕಿ ನಾ. ನಿಮ್ಮ ಬಾಗಲಾ ದಾಟೂದ್ರಾಗ ಚಂದಪ್ಪ ಆದ್ನಲ್ಲ?”

ಖಲೀಲ ಅವರ ಬ್ಯಾಜು ನೋಡಿದ. ಚಂದಪ್ಪ. ಪಕ್ಕದಲ್ಲಿದ್ದ ಬಾದಾಮಿಯ ಹುಡುಗನದು ನೋಡಿದ. ಚಂದಪ್ಪ. ಸಭಾಂಗಣಕ್ಕೆ ಓಡಿದ. ಎಲ್ಲರ ಕೊರಳಲ್ಲೂ ಚಂದಪ್ಪ, ಚಂದಪ್ಪ, ಚಂದಪ್ಪ. ನೂಕುನುಗ್ಗಲಲ್ಲಿ ನಿಖತ ಬ್ಯಾಜಿನ ಮೇಲಿನ ಹೆಸರನ್ನೇ ನೋಡದೆ ಹಂಚಿಬಿಟ್ಟಿದ್ದಳು. ಅರ್ಧ ಜನ ಅದು ಸಮ್ಮೇಳನದ ಗುರುತಿನ ಹೆಸರೆಂದೇ ತಿಳಿದಿದ್ದರು. ಒಬ್ಬರಂತೂ ಚಂದಪ್ಪ ಎಂದರೆ ಯಾವುದೋ ಹೊಸ ತಂತ್ರಜ್ಞಾನವಿರಬೇಕೆಂದು ಪಕ್ಕದವರಿಗೆ ವಿವರಿಸುತ್ತಿದ್ದರು.

“ಮಿಶಿನ್ ಕೆಟ್ಟೈತಿ” ಎಂದು ತೀರ್ಮಾನಿಸಿದ ಖಲೀಲ. ಹೆದರುವ ಗಿರಾಕಿ ಅವನಲ್ಲ. ಹಿಡಿದರೆ ಉಡದ ಹಿಡಿತ. ಯಂತ್ರವನ್ನು ಆರಿಸಿ ಹೊತ್ತಿಸಿದ. ತಂತಿ ಬದಲಿಸಿದ. ಊದಿದ. ಚಂದಪ್ಪನೇ ಬಂದ. ಲ್ಯಾಪ್‌ಟಾಪ್ ಬಿಚ್ಚಿ ಕೂತದ್ದೇ ತಡ, ಸುತ್ತಲೂ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ತಂತ್ರಾಂಶದ ಸಮ್ಮೇಳನ, ಬಂದವರೆಲ್ಲ ವೈದ್ಯರೇ, ರೋಗಿ ಒಬ್ಬನೇ.

“ಇದನ್ನ ಈ ಭಾಷಾದಾಗ ಬರದದ್ದ ತಪ್ಪು ನೋಡ್ರಿ” ಎಂದ ಒಬ್ಬ.

“ಮೊದಲ ಎಲ್ಲಾ ಅಳಿಸಿ ಹೊಸದಾಗಿ ಬರೀರಿ. ಭಾಳ ಅಂದ್ರ ಆರು ತಿಂಗಳ ಹಿಡೀತೈತಿ” ಎಂದ ಇನ್ನೊಬ್ಬ.

“ನಿಮ್ಮ ಪರದೆ ಬಣ್ಣ ಭಾಳ ಕಪ್ಪು ಆತು, ಕಣ್ಣಿಗೆ ಛಲೋ ಅಲ್ಲ” ಎಂದರು ಬಾಳಮ್ಮ ಟೀಚರು, ಮಾತಿಲ್ಲದೆ ಹೋಗಬಾರದೆಂದು.

ಖಲೀಲ ಮಾಹಿತಿಯ ಭಂಡಾರವನ್ನು ಜಾಲಾಡಿದ, ಅಕ್ಷರಶೈಲಿಯನ್ನು ಬೈದ, ವಿದ್ಯುತ್ತಿನ ಮೇಲೆ ಅನುಮಾನಪಟ್ಟ. ಬೆಳಿಗ್ಗೆ ತಾನು ಬರೆದ ಸಾಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತಲ್ಲ!

ಅಷ್ಟರಲ್ಲಿ ಅಡುಗೆಯ ಉಸ್ತುವಾರಿ ಇಂದ್ರಾಬಾಯಿ ಸೆರಗು ಬಿಗಿದುಕೊಂಡು ಬಂದಳು. ರೊಟ್ಟಿಯ ಟೆಂಪೋ ಒಳಗೆ ಬರದಂತೆ ಗೇಟಿಗೆ ಯಾರೋ ಕಾರು ಅಡ್ಡ ಹಚ್ಚಿದ್ದರು. ಅಹ್ಮದಸಾಬರು ದಿಬ್ಬಣದಲ್ಲಿ ಕಾರಿನ ನಂಬರು ಹುಡುಕಿ, ಮೈಕು ಹಿಡಿದು ಗಂಭೀರವಾಗಿ ಸಾರಿದರು: “ಶ್ರೀಮಾನ್ ಚಂದಪ್ಪನವರು ದಯವಿಟ್ಟು ತಮ್ಮ ಕಾರನ್ನು ತೆಗೆಯಬೇಕು.”

ಸಭೆಗೆ ಸಭೆಯೇ ನಗುತ್ತ ಎದ್ದು ಗೇಟಿನತ್ತ ನಡೆಯಿತು. ವೇದಿಕೆಯ ಮೇಲೆ ಮಾತಾಡುತ್ತಿದ್ದ ಭಾಷಣಕಾರರೂ ತಮ್ಮ ಬ್ಯಾಜು ನೋಡಿಕೊಂಡು ಇಳಿದುಹೋದರು. ನಿಜವಾದ ಚಂದಪ್ಪ ಮಾತ್ರ ಅಲ್ಲಿರಲಿಲ್ಲ. ಮೇಲಿನ ಕೋಣೆಯ ಹೊರಗಿನ ಪರದೆಯ ಮೇಲೆ ‘ಪಾಸ್‌ವರ್ಡ್ ಕಾಪಾಡುವುದು ಹೇಗೆ? ಮಾತು: ಚಂದಪ್ಪ’ ಎಂದು ಬಂದದ್ದು ನೋಡಿ ಅವನು ಒಳಹೊಕ್ಕು ಭಾಷಣ ಶುರುಮಾಡಿದ್ದ. ಪಾಸ್‌ವರ್ಡಿನಿಂದ ಐಹೊಳೆಯ ಗುಡಿಗಳ ಬಾಗಿಲವಾಡಕ್ಕೆ, ಅಲ್ಲಿಂದ ಬಾವಲಿಗಳಿಗೆ ಬಂದಿದ್ದ. ಜನ ಬಾಯಿ ತೆರೆದು ಕೇಳುತ್ತಿದ್ದರು. ಮಾತಾಡಬೇಕಾಗಿದ್ದ ಇಳಕಲ್ಲಿನವರು ಬಾಗಿಲಲ್ಲಿ ನಿಂತು, “ಖರೆ ಚಂದಪ್ಪ ನಾ ರೀ!” ಎಂದು ಸ್ವಯಂಸೇವಕರ ಜೊತೆ ಜಗಳಾಡುತ್ತಿದ್ದರು.

“ಬೋರ್ಡಿನ್ಯಾಗ ನನ್ನ ಹೆಸರಿತ್ರಿ. ಮಂದಿ ಕುಂತಾರ. ಹೆಂಗ ಬ್ಯಾಡ ಅನ್ಲಿ?” ಎಂದ ಚಂದಪ್ಪ, ಖಲೀಲ ಕೆಳಗೆ ಕರೆತಂದಾಗ. “ಇನ್ನೂ ಮೂರು ಕೋಣ್ಯಾಗ ನನ್ನವ ಅದಾವಂತ. ತಯಾರಿ ಇಲ್ಲ, ಆದ್ರ ಮಾಡ್ತೇನಿ.”

ನಿಜವಾದ ಬಿರುಗಾಳಿ ಎದ್ದದ್ದು ಊಟದ ಹೊತ್ತಿಗೆ. ಬ್ಯಾಜಿಗೆ ಫೋನು ಹಿಡಿದು, ಹಸಿರು ಬಂದರೆ ತಾಟು, ಕೆಂಪು ಬಂದರೆ ಇಲ್ಲ ಎಂದು ಖಲೀಲನೇ ಇಂದ್ರಾಬಾಯಿಗೆ ಕಲಿಸಿಕೊಟ್ಟಿದ್ದ. ಪಾಳಿಯ ಮೊದಲಿಗೆ ಚಂದಪ್ಪ ನಿಂತಿದ್ದ. ಹಸಿರು ಬಂತು. ಅವನು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಿಹಿಗೆ ಮಾದೇಲಿ ಹಾಕಿಸಿಕೊಂಡು ಹೋದ. ಆಮೇಲೆ ಯಾರಿಗೂ ಹಸಿರು ಬರಲಿಲ್ಲ. ‘ಚಂದಪ್ಪ: ಊಟ ಆಗಿದೆ’ ಎಂದು ಫೋನು ಕೆಂಪಾಗಿ ಕೂಗಿತು.

“ನಿಮ್ದು ಊಟ ಆಗೇತಿ, ಸರೀರಿ” ಎಂದಳು ಇಂದ್ರಾಬಾಯಿ.

“ಅಕ್ಕಾರ, ನನ್ನ ಹೊಟ್ಟಿಗೆ ಗೊತ್ತಿಲ್ಲೇನು?” ಎಂದ ಬಾದಾಮಿಯ ಹುಡುಗ.

“ಹೊಟ್ಟಿ ಸುಳ್ಳು ಹೇಳತೈತಿ. ಮಿಶಿನ್ ಹೇಳೂದಿಲ್ಲ.”

ಪಾಳಿ ಗೇಟು ದಾಟಿ ರಸ್ತೆಗೆ ಬಂತು. “ನಾ ಅಧ್ಯಕ್ಷ ಇದ್ದೇನಿ ಬಾಯಿ!” ಎಂದು ಅಹ್ಮದಸಾಬರು ಮುಂದೆ ಬಂದರು. ಇಂದ್ರಾಬಾಯಿ ಅವರ ಬ್ಯಾಜಿಗೂ ಫೋನು ಹಿಡಿದಳು. “ನೀವೂ ಚಂದಪ್ಪನ ಅದೀರಿ. ಉಂಡೀರಿ.” ಅಹ್ಮದಸಾಬರ ಮುಖ ಫೋನಿಗಿಂತ ಕೆಂಪಾಯಿತು.

ಇಂಥ ಗಳಿಗೆಗೇ ಕಾದಿದ್ದವನಂತೆ ಅಫ್ಸರ ಅವರ ಮಗ್ಗುಲಲ್ಲಿ ಪ್ರತ್ಯಕ್ಷನಾದ. ಸಮ್ಮೇಳನದ ಚಹಾದ ಖರ್ಚು ಹೊತ್ತು, ಮೂಲೆಯಲ್ಲಿ ಮಳಿಗೆ ಹಾಕಿದ್ದ ಕಂಪನಿಯ ಪ್ರತಿನಿಧಿ ಅವನು. ಅವರು ಮಾರುವ ತಂತ್ರಾಂಶದ ಹೆಸರು ‘ಸುಲಭಸಭಾ’.

“ಚಾಚಾ, ದುಡ್ಡು ಕೊಟ್ಟ ಮಾಲು ಮತ್ತ ಬಿಟ್ಟಿ ಮಾಲು ಒಂದ ಆಗ್ತಾವೇನು? ನಮ್ಮದು ದೊಡ್ಡ ದೊಡ್ಡ ಮದುವಿ ನಡಸತೈತಿ. ಒಂದು ತಕರಾರಿಲ್ಲ” ಎಂದು ಅವರನ್ನು ಕೈಹಿಡಿದು ಮಳಿಗೆಗೆ ಕರೆದೊಯ್ದ. ಹೊಳೆಯುವ ಕಾಗದದ ಮೇಲೆ ಅಚ್ಚಾದ ಚಿತ್ರಗಳನ್ನು ತೋರಿಸಿದ. ಹಸಿದ ಮನುಷ್ಯ ಬೇಗ ಒಪ್ಪುತ್ತಾನೆ.

ಖಲೀಲ ದೂರದಿಂದ ಇದನ್ನು ಕಂಡ. ಹಲ್ಲು ಕಚ್ಚಿದ. “ಇಂದ್ರಾಬಾಯಿಯವರ, ಫೋನ್ ಕೆಳಗ ಇಡ್ರಿ. ಎಲ್ಲಾರಿಗೂ ನೀಡ್ರಿ. ನಾ ಉಣ್ಣೂದಿಲ್ಲ, ಇದು ಸರಿ ಆಗೂತನಕ ಏಳೂದಿಲ್ಲ” ಎಂದು ಮೆಟ್ಟಿಲ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಸಲಹೆಗಾರರೆಲ್ಲ ಮಾದೇಲಿಯ ಕಡೆ ಓಡಿದ್ದರಿಂದ ಮೊದಲ ಸಲ ಸುತ್ತ ನಿಶ್ಶಬ್ದವಾಯಿತು. ನಿಖತ ಪಕ್ಕ ಬಂದು ಕೂತಳು.

“ಸರ್, ಮುಂಜಾನೆ ನೋಡ್ತೇನಿ ಅಂದಿದ್ನಲ್ಲ, ಆ ಸಾಲು ಈಗರೆ ತೋರಸ್ರಿ.”

“ಅದು ಸರಿ ಐತಿ.”

“ತೋರಸ್ರಿ.”

ತೋರಿಸಿದ. ನಿಖತ ಬೆರಳಿಟ್ಟಳು. “ಬ್ಯಾಜು, ಪರದೆ, ಊಟ ಎಲ್ಲಾ ಇಲ್ಲಿಂದನ ಹೆಸರು ತಗೋತಾವ. ಇಲ್ಲಿ ಬಂದವರ ಹೆಸರು ಇರಬೇಕಿತ್ತು. ‘ಚಂದಪ್ಪ’ ಅಂತ ಯಾರು ಬರದ್ರು?”

ಖಲೀಲ ಆ ಹೆಸರು ನೋಡಿ ಹಣೆ ಬಡಿದುಕೊಂಡ. “ಹುಚ್ಚನನ್ಮಗ ಯಾವನೋ” ಎಂದ. ನಿಖತ ನಗಲಿಲ್ಲ, ಸುಮ್ಮನೆ ಅಳಿಸಿದಳು. ಗಾಬರಿಯಲ್ಲಿ ಬಿಟ್ಟುಹೋಗಿದ್ದ ಎಲ್ಲವನ್ನೂ ಇಬ್ಬರೂ ಸೇರಿ ಸಾಲು ಸಾಲಾಗಿ ಪರೀಕ್ಷಿಸಿದರು. ಮಧ್ಯಾಹ್ನದ ಚಹಾ ಬರುವಷ್ಟರಲ್ಲಿ ಬಾಳಮ್ಮ ಬಾಳಮ್ಮನಾಗಿದ್ದರು, ಇಳಕಲ್ಲಿನವರು ತಮ್ಮ ಭಾಷಣ ಮಾಡಿದ್ದರು, ಪರದೆಗಳು ಸರಿಯಾದ ಹೆಸರು ಹೇಳುತ್ತಿದ್ದವು. ದಿಬ್ಬಣ ಎತ್ತಿನ ಗಾಡಿಯಷ್ಟು ನೆಮ್ಮದಿಯಾಗಿ ಸಂಜೆಯವರೆಗೆ ಸಾಗಿತು.

ಸಮಾರೋಪ ಮುಗಿದಾಗ ಖಲೀಲ ಹೊಸ ಬ್ಯಾಜು ಹಿಡಿದು ಅಹ್ಮದಸಾಬರ ಮುಂದೆ ನಿಂತ. “ಚಾಚಾ, ನೋಡ್ರಿ. ನಿಮ್ಮ ಹೆಸರು, ಒತ್ತು ಸಮೇತ.”

ಅಹ್ಮದಸಾಬರು ಅವನ ಹೆಗಲ ಮೇಲೆ ಕೈ ಇಟ್ಟರು. “ಛಲೋ ಮಾಡಿದಿ ಬೇಟಾ. ಆದ್ರ ನಾ ಅಫ್ಸರಗ ಮಾತು ಕೊಟ್ಟ ಬಿಟ್ಟೇನಿ. ಮುಂದಿನ ವರ್ಷ ಸುಲಭಸಭಾ. ನೀ ಆರಾಮ ತಗೋ.”

ಖಲೀಲ ಕುರ್ಚಿಯಲ್ಲಿ ಕುಸಿದ. ಆದರೆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಯೋಚನೆ ತಣ್ಣಗೆ ಒಳಗೆ ಹರಿಯಿತು: ಇನ್ನು ಭಾನುವಾರ ಭಾನುವಾರದಂತೆ ಇರುತ್ತದೆ. ಬಿಸಿಲೇರುವವರೆಗೆ ಮಲಗಬಹುದು. ಯಾರ ಒತ್ತು ಎಲ್ಲಿ ಹೋದರೂ ಅದು ಅಫ್ಸರನ ತಲೆನೋವು. ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಇಂದ್ರಾಬಾಯಿ ಅವನಿಗೆಂದು ಎತ್ತಿಟ್ಟಿದ್ದ ತಾಟು ತಂದು ಮುಂದಿಟ್ಟಳು. ರೊಟ್ಟಿ ಮುರಿದು ಬಾಯಿಗಿಡಬೇಕು, ಅಷ್ಟರಲ್ಲಿ ಕೂಗು ಕೇಳಿತು.

“ಖಲೀಲ ಭಾಯ್! ಖಲೀಲ ಭಾಯ್!”

ಅಫ್ಸರ ಓಡಿ ಬಂದ. ಬೆಳಿಗ್ಗೆ ಇಸ್ತ್ರಿ ಮುರಿಯದಿದ್ದ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಕೈಯಲ್ಲಿದ್ದ ಫೋನಿನೊಳಗಿಂದ ಯಾರೋ ಬೈಯುವುದು ಇಲ್ಲಿಗೇ ಕೇಳುತ್ತಿತ್ತು.

“ವಿಜಯಪುರದಾಗ ನಮ್ಮದೊಂದು ಮದುವಿ ನಡದೈತಿ ಭಾಯ್. ಮಂಟಪದ ಬಾಗಲದಾಗ ದೊಡ್ಡ ಪರದೆ ಹಚ್ಚೇವಿ. ಅದರಾಗ ಮದುಮಗನೂ ಚಂದಪ್ಪ, ಮದುಮಗಳೂ ಚಂದಪ್ಪ ಅಂತ ಬರಾಕತೈತಿ! ಬೀಗರು ನಮ್ಮ ಹುಡುಗರನ್ನ ಕೋಣ್ಯಾಗ ಹಾಕಿ ಕೀಲಿ ಹಾಕ್ಯಾರ!”

ಖಲೀಲನ ಕೈಯ ತುತ್ತು ಅಲ್ಲೇ ನಿಂತಿತು. “ಸುಲಭಸಭಾ ನಿಮ್ಮದಲ್ಲೇನು?”

“ನಮ್ಮದ... ಅಂದ್ರ ಬಣ್ಣ ನಮ್ಮದು” ಎಂದ ಅಫ್ಸರ, ನೆಲ ನೋಡುತ್ತ. “ಒಳಗಿನದೆಲ್ಲಾ ದಿಬ್ಬಣ. ಯಾರರೆ ತಗೋಬಹುದು ಅಂತ ನೀವ ಬರದೀರಲ್ರಿ. ನೀವು ಏನ ತಿದ್ದಿದ್ರೂ ನಮ್ಮದು ತಾನಾಗೇ ಇಳಿಸಿಕೊಳ್ಳತೈತಿ. ಮುಂಜಾನೆಯಿಂದು ಇಳಿಸಿಕೊಂಡ ಮ್ಯಾಲೆ ಎಲ್ಲಾ ಜಾಮ್ ಆಗೇತಿ, ಹೊಸಾದು ಇಳೀವಲ್ದು. ನಮ್ಮಲ್ಲಿ ಬಣ್ಣ ಹಚ್ಚವ್ರು ಅದಾರ, ಒಳಗ ಕೈ ಹಾಕವ್ರಿಲ್ಲ. ಈ ವಾರ ಪೂರ್ತಿ ಮದುವಿ ಅದಾವ. ನೀವ ಬರಬೇಕು.”

ನಿಖತ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ನಗುವಿಗೆ ಅವಳ ಹೆಗಲು ಕುಣಿಯುತ್ತಿತ್ತು. ಖಲೀಲ ಆಸೆಯಿಂದ ಅಹ್ಮದಸಾಬರನ್ನು ನೋಡಿದ. ಈಗಲಾದರೂ ಅವರಿಗೆ ತಿಳಿದಿರಬೇಕಲ್ಲ!

ಅಹ್ಮದಸಾಬರು ಗಡ್ಡ ನೀವಿಕೊಂಡು ಯೋಚಿಸಿದರು. “ಮಾತು ಕೊಟ್ಟಾಗೇತಿ, ತಿರುಗಿಸಾಕ ಬರೂದಿಲ್ಲ. ಮುಂದಿನ ವರ್ಷ ನಮ್ಮ ಸಮ್ಮೇಳನ ಇವರ ಮ್ಯಾಲೆ ನಿಂತೈತಿ ಖಲೀಲ. ಇವರದು ಕೆಟ್ಟರ ನಮ್ಮದೂ ಕೆಟ್ಟಂಗ. ಹೋಗು, ಕುಂತು ಸರಿ ಮಾಡಿಕೊಡು. ಪ್ರತಿ ಭಾನುವಾರ ಹೋಗಿ ನೋಡಿಕೊಂಡು ಬಾ.”

ಅಫ್ಸರನಿಗೆ ಜೀವ ಬಂತು. ಖಲೀಲನ ಚೀಲದಿಂದ ತಾನೇ ಲ್ಯಾಪ್‌ಟಾಪ್ ತೆಗೆದು ತಾಟಿನ ಪಕ್ಕ ಬಿಚ್ಚಿಟ್ಟ. ಆಮೇಲೆ ಮರ್ಯಾದೆಗೆಂದು ಜೇಬಿಗೆ ಕೈ ಹಾಕಿದ. “ಭಾಯ್, ಇದಕ್ಕ ನಾವು ಏನು ಕೊಡಬೇಕಾಗತೈತ್ರಿ?”

ಖಲೀಲ ಬಾಯಿ ತೆರೆಯುವ ಮೊದಲೇ ಅಹ್ಮದಸಾಬರು ಅಫ್ಸರನ ಕೈ ಹಿಡಿದು ತಡೆದರು.

“ಛೇ ಛೇ! ರೊಕ್ಕದ ಮಾತು ಆಡಬ್ಯಾಡ್ರಿ. ಅಂವಾ ಸ್ವಯಂಸೇವಕ ಅದಾನ.”