ಎಚ್‌ಡಿ ಟೀವಿಗೆ ಕುಂಕುಮದ ಅಳತೆ

ನಮ್ಮ ಮನೆಗೆ ಹೊಸ ಸಾಮಾನು ಯಾವುದು ಬಂದರೂ, ಅದು ಕೆಲಸ ಶುರು ಮಾಡುವ ಮುಂಚೆ ನಮ್ಮನ್ನೆಲ್ಲ ಕೆಲಸಕ್ಕೆ ಹಚ್ಚಿಬಿಡುತ್ತದೆ. ಗ್ರೈಂಡರ್ ಬಂದಾಗ ಹಾಗಾಯಿತು, ಗೀಸರ್ ಬಂದಾಗ ಹಾಗಾಯಿತು. ಎಚ್‌ಡಿ ಟೀವಿ ಬಂದಾಗಲಂತೂ ಒಂದು ತಿಂಗಳು ಮನೆಮಂದಿಗೆಲ್ಲ ಅದೇ ಉದ್ಯೋಗ.

ಟೀವಿ ತಂದದ್ದು ಅತ್ತೆಗೋಸ್ಕರ. ಮಂಡಿನೋವಿನಿಂದ ಚಂದ್ರಾ ಲೇಔಟಿನ ನಮ್ಮ ಮನೆಯ ಮೂರು ಮೆಟ್ಟಿಲನ್ನೂ ಇಳಿಯಲಾಗದೆ ಕೂತಿದ್ದ ಅವರಿಗೆ ಸಂಜೆಯ ಧಾರಾವಾಹಿಯೇ ಬೀದಿ, ಅದೇ ನೆಂಟರ ಮನೆ. "ಹಳೇ ಟೀವಿ ಮಂಜು ಮಂಜಾಗಿದೆ ಕಣೇ. ಯಾರು ಅಳ್ತಾರೆ, ಯಾರು ನಗ್ತಾರೆ, ಒಂದೂ ಗೊತ್ತಾಗಲ್ಲ" ಎಂದಿದ್ದರು. ಅವರಿಗೆ ಆ ಮುಖಗಳು ಸ್ಪಷ್ಟವಾಗಿ ಕಾಣಬೇಕು. ನಮಗೆ ಬೇಕಾಗಿದ್ದದ್ದು ಇಷ್ಟೇ.

ಅಂಗಡಿಯ ಮೀನು

ಮಾರೇನಹಳ್ಳಿಯ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಟೀವಿಗಳಲ್ಲೆಲ್ಲ ಒಂದೇ ಮೀನು ಈಜುತ್ತಿತ್ತು. ಅದರ ಮೈಮೇಲಿನ ಹುರುಪೆ ಎಣಿಸಬಹುದಿತ್ತು. ನಮ್ಮ ಯಜಮಾನರು ಅಲ್ಲೇ ಸೋತರು. ಮನೆಗೆ ತಂದು ಕೇಬಲ್ ಸಿಕ್ಕಿಸಿದರೆ ಚಿತ್ರ ನೀರಲ್ಲಿ ನೆನೆದ ಪೇಪರಿನ ಹಾಗೆ!

ಟೀವಿ ಕೂರಿಸಲು ಬಂದಿದ್ದ ಕಂಪನಿಯವರು ಸಮಾಧಾನವಾಗಿ ಹೇಳಿದರು: "ಟೀವಿ ಎಚ್‌ಡಿ ಸಾರ್, ನಿಮ್ಮ ಕೇಬಲ್ ಎಚ್‌ಡಿ ಅಲ್ಲ. ಅದು ಕಳಿಸಿದ್ದನ್ನ ಇದು ದೊಡ್ಡದು ಮಾಡಿ ತೋರಿಸುತ್ತೆ, ಅಷ್ಟೆ." ಆಮೇಲೆ ರಿಮೋಟಿನಲ್ಲಿ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್ ಅಂತ ಒಂದೊಂದೇ ತೋರಿಸಿ, "ಎಲ್ಲಾ ಐವತ್ತಕ್ಕೆ ಇಟ್ಟಿದೀನಿ. ದಯವಿಟ್ಟು ಮುಟ್ಟಬೇಡಿ" ಎಂದು ಕೈಮುಗಿದು ಹೊರಟರು.

ಅವರಿನ್ನೂ ಗೇಟು ದಾಟಿರಲಿಲ್ಲ. ನಮ್ಮವರು ಮುಟ್ಟಿಯಾಗಿತ್ತು.

ದಪ್ಪಗಾದ ಸೊಸೆ

ಹಳೇ ಟೀವಿ ಚೌಕ, ಹೊಸದು ಅಗಲ. ಚೌಕದ ಚಿತ್ರವನ್ನು ಅಗಲಕ್ಕೆ ಎಳೆದರೆ ಏನಾಗುತ್ತದೆ? ಧಾರಾವಾಹಿಯ ಸೊಸೆ ಒಂದೇ ದಿನದಲ್ಲಿ ಹತ್ತು ಕೇಜಿ ಏರಿದಳು.

"ನಿನ್ನೆ ತನಕ ಕಡ್ಡಿ ಥರ ಇದ್ಲು. ಅತ್ತೆ ಮನೆ ಊಟ ಮೈಗೆ ಹಿಡಿದಿದೆ" ಎಂದರು ನಮ್ಮತ್ತೆ.

ಯಜಮಾನರು ಏನೋ ಒತ್ತಿದರು. ಸೊಸೆ ಸಣ್ಣಗಾದಳು, ಆದರೆ ಪರದೆಯ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂತು.

"ಎರಡೂ ಕಡೆ ಬಾಗಿಲು ಯಾಕೋ ಹಾಕ್ದೆ? ತೆಗಿ, ಗಾಳಿ ಆಡಲಿ."

"ತೆಗೆದ್ರೆ ಅವಳು ಮತ್ತೆ ದಪ್ಪ ಆಗ್ತಾಳಮ್ಮ."

ಅತ್ತೆ ಒಂದು ಸಲ ನನ್ನ ಕಡೆ ನೋಡಿದರು. "ಆಗ್ಲಿ ಬಿಡು. ಸೊಸೆ ದಪ್ಪಗಿದ್ರೂ ಅದೊಂದು ಕಳೆ."

ಕೈಯಲ್ಲಿ ಭರಣಿ

ಅಷ್ಟಾದರೂ ಅತ್ತೆಗೆ ಚಿತ್ರ ಮಂಜೇ. ಯಜಮಾನರ ಹತ್ತಿರ ಟೀವಿಯ ಪುಸ್ತಕ ಇತ್ತು, ನನ್ನ ಹತ್ತಿರ ಬಿ.ಎಸ್ಸಿ. ಇತ್ತು. ಎರಡನ್ನೂ ಬದಿಗೆ ಸರಿಸಿ ಅತ್ತೆ ದೇವರ ಮನೆಯಿಂದ ಕುಂಕುಮದ ಭರಣಿ ತರಿಸಿದರು. ಅದನ್ನು ಮೂಗಿನ ಹತ್ತಿರ ಹಿಡಿದು, "ಇದು ಕುಂಕುಮ. ಅವಳ ಹಣೇಲಿರೋದು ಇಟ್ಟಿಗೆ ಪುಡಿ. ಎರಡೂ ಒಂದಾಗೋ ತನಕ ಒತ್ತೋ" ಎಂದು ಮಗನಿಗೆ ಅಪ್ಪಣೆ ಮಾಡಿದರು.

ಕಲರ್ ಅರವತ್ತಾಯಿತು, ಎಂಬತ್ತಾಯಿತು, ನೂರಾಯಿತು. ಬ್ರೈಟ್‌ನೆಸ್, ಕಾಂಟ್ರಾಸ್ಟುಗಳೂ ಹಿಂದೆಯೇ ಏರಿದವು. ಹಣೆಯ ಕುಂಕುಮದ ಜೊತೆ ಸೊಸೆಯ ಕಿವಿ, ಮೂಗು, ಹಿಂದಿನ ಗೋಡೆ ಎಲ್ಲವೂ ಕುಂಕುಮವಾದವು. ಭಾನುವಾರ ಕ್ರಿಕೆಟ್ ಹಾಕಿದರೆ ಆಟಗಾರರೆಲ್ಲ ಅರಿಶಿನದ ಶಾಸ್ತ್ರ ಮುಗಿಸಿ ನೇರ ಮೈದಾನಕ್ಕೆ ಬಂದಂತಿದ್ದರು. ಯಜಮಾನರು ಕಣ್ಣುಜ್ಜಿಕೊಂಡು ಸುಮ್ಮನೆ ನೋಡಿದರು. ತಾಯಿಗೋಸ್ಕರ ಹಳದಿ ಕ್ರಿಕೆಟ್ ಸಹಿಸುವ ಗಂಡ ಸಿಕ್ಕಿದ್ದು ನನ್ನ ಪುಣ್ಯ.

"ಈಗ ಪರವಾಗಿಲ್ಲ" ಎಂದರು ಅತ್ತೆ. "ಇನ್ನೂ ಸ್ವಲ್ಪ ಜಾಸ್ತಿ ಮಾಡಕ್ಕಾಗುತ್ತಾ?"

"ನೂರರ ಮೇಲೆ ಇಲ್ಲಮ್ಮ."

"ಇನ್ನೂರರ ತನಕ ಇರೋದು ಕೇಳಿ ತರಬೇಕಿತ್ತು."

ಎರಡು ದಾರದುಂಡೆ

ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಹೆಂಗಸು ರವಿಕೆ ಹೊಲಿಯುವವರು. ಹೊಲಿದ ರವಿಕೆ ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯ, ಇದೇನ್ರೀ ಅಕ್ಕಾರ! ಟೀವಿಯೊಳಗ ಓಕುಳಿ ಆಡ್ಯಾರೇನು?"

ನಾನು ಕತೆಯೆಲ್ಲ ಹೇಳಿದೆ. ಅವರು ಟೀವಿ ಬಿಟ್ಟು ಅತ್ತೆಯ ಮುಖವನ್ನೇ ನೋಡಿದರು. ಚೀಲದಿಂದ ಎರಡು ದಾರದುಂಡೆ ತೆಗೆದರು. ಒಂದು ಅಚ್ಚ ಬಿಳಿ, ಒಂದು ಕೆನೆ ಬಣ್ಣ.

"ಅಜ್ಜೀ, ಇದರಾಗ ಬಿಳೀದು ಯಾವ್ದ್ರಿ?"

"ಬಿಳೀದೆಲ್ಲಿದೆ? ಎರಡನ್ನೂ ಅರಿಶಿನದ ನೀರಲ್ಲಿ ಅದ್ದಿದೀಯಲ್ಲೇ!"

"ಟೀವಿಗೇನೂ ಆಗಿಲ್ರಿ ಅಕ್ಕಾರ. ಅಜ್ಜೀ ಕಣ್ಣಾಗ ಪೊರಿ ಬಂದೈತಿ. ನಮ್ಮವ್ವಗೂ ಹಿಂಗ ಆಗಿತ್ತು. ಲಗೂನ ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ."

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ವರ್ಷಾ ವರ್ಷಾ ಬೋರ್ಡಿನ ಮೇಲೆ ಕಣ್ಣು ಬಿಡಿಸಿ, ಮಸೂರಕ್ಕೆ ಬಾಣ ಹಾಕಿ, "ಇದರ ಮೇಲೆ ಪ್ರಶ್ನೆ ಬಂದೇ ಬರುತ್ತೆ, ಓದ್ಕೊಳ್ಳಿ" ಎಂದು ಮಕ್ಕಳಿಗೆ ಹೇಳುತ್ತೇನೆ. ಪ್ರಶ್ನೆ ತಿಂಗಳಿಂದ ನಮ್ಮ ಸೋಫಾದ ಮೇಲೇ ಕೂತಿತ್ತು.

ಪಟ್ಟಿ ಬಿಚ್ಚಿದ ಮೇಲೆ

ಎರಡೂ ಕಣ್ಣಲ್ಲಿ ಪೊರೆ ಎಂದರು ಡಾಕ್ಟರು. ಮೊದಲು ಬಲಗಣ್ಣಿಗೆ ಆಪರೇಷನ್. ಥಿಯೇಟರಿನ ಬಾಗಿಲ ತನಕ ಅತ್ತೆ ನನ್ನ ಕೈ ಬಿಡಲಿಲ್ಲ. "ಇರೋ ಅಷ್ಟೂ ಹೋಗಿಬಿಟ್ರೆ?" ಎಂದರು, ಮೆಲ್ಲಗೆ. ನಾನು ಏನೋ ಧೈರ್ಯ ಹೇಳಿದೆ.

ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು, ಅತ್ತೆ ತಮ್ಮ ಜಾಗದಲ್ಲಿ ಕೂತರು. ಯಜಮಾನರು ಟೀವಿ ಹಾಕಿದರು.

"ಅಯ್ಯೋ ಶಿವನೇ, ಇಳಿಸೋ! ಇವರಿಗೆಲ್ಲ ಏನು ಬಳಿದಿದೀಯ?"

ಯಜಮಾನರು ಒಂದೊಂದೇ ಇಳಿಸುತ್ತಾ ಹೋದರು. "ಹಾಂ, ಈಗ ಸರಿ" ಎಂದು ಅತ್ತೆ ತಡೆದಾಗ ನೋಡಿದರೆ, ಎಲ್ಲವೂ ಐವತ್ತು!

ಅತ್ತೆ ಮಹಡಿಯಿಂದ ಟೈಲರಮ್ಮನನ್ನು ಕರೆಸಿದರು. ಅದೇ ಭರಣಿಯಿಂದ ಅವರಿಗೆ ಕುಂಕುಮ ಇಟ್ಟು, ಮಡಿಲಿಗೆ ರವಿಕೆ ಕಣ ಹಾಕಿದರು. ಊರಿಗೆಲ್ಲ ರವಿಕೆ ಹೊಲಿದುಕೊಡುವಾಕೆ ಅದನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಅತ್ತೆ ನನ್ನತ್ತ ತಿರುಗಿದರು. "ನಿನ್ನ ಸೀರೆ ನೀಲಿ ಏನೇ? ನಾನು ಬೂದಿ ಬಣ್ಣ ಅಂದ್ಕೊಂಡಿದ್ದೆ. ಎಷ್ಟು ಚೆನ್ನಾಗಿ ಕಾಣ್ತೀಯ!"

ಮದುವೆಯಾದಾಗಿನಿಂದ ಕೇಳದ ಮಾತು. ಮನಸ್ಸಿನಲ್ಲೇ ಡಾಕ್ಟರಿಗೆ, ಟೈಲರಮ್ಮನಿಗೆ, ಆ ಎರಡು ದಾರದುಂಡೆಗೂ ಕೈಮುಗಿದೆ. ಮುಗಿದ ಕೈ ಇಳಿಸುವಷ್ಟರಲ್ಲಿ ಅತ್ತೆಯ ನೋಟ ಮೇಲೇರಿತ್ತು.

"ತಲೆ ಯಾವಾಗ ಇಷ್ಟು ನರೆತೋಯ್ತೇ? ಅದಿರಲಿ, ಫ್ಯಾನಿನ ಮೇಲೆ ಅದೇನು ಉಣ್ಣೆ? ಮೂಲೇಲಿ ಜೇಡ ಸಂಸಾರ ಹೂಡಿದೆಯಲ್ಲೇ! ಎಷ್ಟು ವರ್ಷ ಆಯ್ತು ಬಂದು?"

ಇದು ಒಂದೇ ಕಣ್ಣಿನ ಫಲ. ಎಡಗಣ್ಣಿನದು ಮುಂದಿನ ತಿಂಗಳು ಎಂದಿದ್ದರು ಡಾಕ್ಟರು. ಮಾರನೆಯ ದಿನವೇ ನಾನು ಸ್ಕೂಲಿಗೆ ರಜೆ ಹಾಕಿ ಪೊರಕೆ ಹಿಡಿದೆ.