ಬೆಂಗೇರಿಯ ಲೈಸೆನ್ಸ್‌ದಾರ ಕಡಲುಗಳ್ಳ

ಹುಬ್ಬಳ್ಳಿಯಿಂದ ಸಮುದ್ರ ನೋಡಬೇಕೆಂದರೆ ತಾಸುಗಟ್ಟಲೆ ಘಟ್ಟ ಇಳಿಯಬೇಕು. ಕಡಲುಗಳ್ಳನನ್ನು ನೋಡಲು ಅಷ್ಟೆಲ್ಲ ಬೇಡ, ಊರೊಳಗಿನ ಬೆಂಗೇರಿಗೆ ಬನ್ನಿ ಸಾಕು. ನಮ್ಮ ಕಾಕಾ ಮಾಳಿಗೆಯ ಮೇಲೆ ನಿಂತಿರುತ್ತಾರೆ. ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ, ಕೊರಳಲ್ಲಿ ದುರ್ಬೀನು!

ಕಳ್ಳ ಅಂದದ್ದು ಅವರ ಕಿವಿಗೆ ಬಿದ್ದರೆ ನನ್ನ ಗತಿ ಮುಗಿಯಿತು. "ಕಳ್ಳ ಅಲ್ಲ ಯವ್ವಾ, ಲೈಸೆನ್ಸ್ ಇದ್ದಾಂವ! ಯುದ್ಧ ನಡದಾಗ ರಾಜಾನ ಕಾಗದ ಬರದ ಕೊಡತಿದ್ದ. ವೈರಿ ಹಡಗ ಹಿಡಿ, ಮಾಲು ನೀನ ಇಟ್ಗೋ ಅಂತ. ಕಾಗದ ಇದ್ರ ಕ್ಯಾಪ್ಟನ್ನು, ಇರ್ಲಿಲ್ಲಂದ್ರ ಗಲ್ಲು!"

ಇದಕ್ಕೆಲ್ಲ ಮೂಲ ಒಂದು ರದ್ದಿ ಅಂಗಡಿ. ಹತ್ತಿ ದಲಾಲಿ ಬಿಟ್ಟು ಮನೆಯಲ್ಲಿ ಕುಳಿತಿದ್ದ ಕಾಕಾ, ಹಳೆಯ ಪೇಪರು ಹಾಕಲು ಹೋದವರು ಒಂದು ಪುಸ್ತಕ ಹಿಡಿದು ಬಂದರು. ಹದಿನೆಂಟನೇ ಶತಮಾನದ ಯಾರೋ ಇಂಗ್ಲಿಷ್ ಕ್ಯಾಪ್ಟನ್ನನ ಜೀವನಚರಿತ್ರೆ. 'ಯಾರೋ' ಏಕೆಂದರೆ ಮೊದಲ ಹನ್ನೆರಡು ಪುಟ ಹರಿದಿದ್ದವು, ಮುಂದೆಲ್ಲ ಬರೀ 'ಕ್ಯಾಪ್ಟನ್' ಅಂತಲೇ ಇತ್ತು. ಹೆಸರೇ ಗೊತ್ತಿಲ್ಲದವನಿಗೆ ಇಷ್ಟು ಭಕ್ತಿ! ಮಠದ ಅಜ್ಜಾರಿಗೂ ಕಾಕಾ ಹೀಗೆ ಕೈ ಮುಗಿದದ್ದು ನಾನು ಕಂಡಿಲ್ಲ.

ಆ ಕ್ಯಾಪ್ಟನ್ನು ಹದಿಮೂರನೇ ವಯಸ್ಸಿಗೇ ಹಡಗು ಹತ್ತಿದ, ಫ್ರೆಂಚರ ಗುಂಡಿಗೆ ಎರಡು ಬೆರಳು ಕಳೆದುಕೊಂಡ. ನಮ್ಮ ಕಾಕಾ? ಉಣಕಲ್ ಕೆರೆಯಲ್ಲಿ ಪೆಡಲ್ ದೋಣಿ ಹತ್ತಿ, ದಡ ಬಿಡುವ ಮೊದಲೇ ವಾಂತಿ ಮಾಡಿಕೊಂಡರು. "ಕ್ಯಾಪ್ಟನ್ನಗೂ ಮೊದಲನೇ ದಿನ ಹಿಂಗ ಆಗಿತ್ತು" ಎಂದು ಬಾಯಿ ಒರೆಸಿಕೊಂಡರು. ಹದಿನಾಲ್ಕನೇ ಪುಟದಲ್ಲಿದೆಯಂತೆ!

ಸರಿ, ಯುದ್ಧವೇ ಇಲ್ಲದೆ ಲೈಸೆನ್ಸ್ ಯಾರು ಕೊಡುತ್ತಾರೆ? ಅದೃಷ್ಟಕ್ಕೆ ಯುದ್ಧ ಮನೆಯಲ್ಲೇ ಇತ್ತು. ಕಾಕಿ ಮತ್ತು ಪಕ್ಕದ ಮನೆಯ ಅಕ್ಕೋರು ಮೂವತ್ತು ವರ್ಷದ ಗೆಳತಿಯರು. ಅಕ್ಕೋರು ಸಾಲೆಯಲ್ಲಿ ಕಲಿಸಿ ರಿಟೈರ್ ಆದವರು, ತಪ್ಪು ತೆಗೆಯುವುದು ಅವರ ಹಕ್ಕು. ಅಂಥವರಿಗೆ ಒಂದು ನಾಗರ ಪಂಚಮಿ ದಿನ ಕಾಕಿ, "ಅಕ್ಕೋರ, ಈ ಸಲ ನಿಮ್ಮ ಶೇಂಗಾ ಹೋಳಿಗಿ ಗಟ್ಟಿ ಆಗ್ಯಾವ್ರಿ" ಅಂದುಬಿಟ್ಟರು. ಅಷ್ಟೇ! ಮೂರು ವರ್ಷ ಮಾತಿಲ್ಲ. ಕಂಪೌಂಡ್ ಗೋಡೆಯ ಮೇಲಿನ ಡಬ್ಬಿ ಸಂಚಾರ ಪೂರ್ತಿ ಬಂದ್. ಕಾಕಿ ಹಬ್ಬಕ್ಕೂ ಸಿಹಿ ಮಾಡುವುದನ್ನು ಬಿಟ್ಟರು. "ಮಾಡಿ ಯಾರಿಗೆ ಕೊಡೂದೈತಿ?" ಎನ್ನುತ್ತಿದ್ದರು. ಸಂಜೆ ಮಾತ್ರ ಕುರ್ಚಿಯನ್ನು ಆ ಗೋಡೆಗೇ ಹತ್ತಿಸಿ ಹಾಕಿಕೊಳ್ಳುತ್ತಿದ್ದರು. ಬೆನ್ನು ಅಕ್ಕೋರ ಮನೆ ಕಡೆಗೆ!

ಕಾಕಾ ಲಗ್ನಪತ್ರಿಕೆಯ ಹಿಂದೆ ಲೈಸೆನ್ಸ್ ಬರೆದರು: 'ವೈರಿಯ ವಸ್ತು ಗೋಡೆಯ ಮೇಲೆ ಕಂಡಲ್ಲಿ ಹಿಡಿಯತಕ್ಕದ್ದು.' ಜೋಳ ಹಸನು ಮಾಡುತ್ತಿದ್ದ ಕಾಕಿ ಓದದೇ ಸಹಿ ಹಾಕಿದರು. "ಹಾಕೇನಿ ತಗೋರಿ, ಮೊದಲ ಮಾಳಿಗಿ ಮ್ಯಾಲಿನ ಮೆಣಸಿನಕಾಯಿ ತಗೊಂಡ ಬರ್ರಿ!"

ಮೊದಲ ಬೇಟೆ, ಒಂದು ಮೊರ ಸಂಡಿಗೆ. ಎರಡನೆಯದು ಅಕ್ಕೋರ ಬೆಕ್ಕು. ಅದು ಶರಣಾಗಲಿಲ್ಲ, ಕಾಕಾ ಇಂಜೆಕ್ಷನ್ ಮಾಡಿಸಿಕೊಂಡರು.

ಪುಸ್ತಕದ ಕೊನೆಯನ್ನು ಕಾಕಾ ನಗುತ್ತಲೇ ಹೇಳುತ್ತಿದ್ದರು. ಇಂಗ್ಲಿಷ್, ಫ್ರೆಂಚ್ ರಾಜರಿಬ್ಬರೂ ರಾಜಿಯಾಗಿದ್ದರು. ಆದರೆ ಸುದ್ದಿ ಕಡಲು ದಾಟಿ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಕ್ಯಾಪ್ಟನ್ನು ಒಂದು ಹಡಗು ಹಿಡಿದ. ನೋಡಿದರೆ ಶಾಂತಿಯ ಸುದ್ದಿ ತರುತ್ತಿದ್ದದ್ದೇ ಆ ಹಡಗು! "ಎಷ್ಟ ಶಾಣ್ಯಾ ಇದ್ರೂ ಅಲ್ಲೆ ದಡ್ಡ ಆದ ನೋಡ!"

ಈ ಸಲದ ಪಂಚಮಿಗೆ ನಾನು ಅಲ್ಲೇ ಇದ್ದೆ. ಮಾಳಿಗೆಯಿಂದ ಕೂಗು ಬಂತು, "ಹಡಗ ಬಂತು!" ಗೋಡೆಯ ಮೇಲೊಂದು ಸ್ಟೀಲ್ ಡಬ್ಬಿ. ಕಾಕಾ ದಡದಡ ಇಳಿದು ಹಿಡಿದೇಬಿಟ್ಟರು. ಒಳಗೆ ಎಂಟು ಶೇಂಗಾ ಹೋಳಿಗೆ. ಅಡುಗೆಮನೆ ತಲುಪುವಷ್ಟರಲ್ಲಿ ಆರು!

ಕಾಕಿ ಡಬ್ಬಿಯ ತಳ ತಿರುಗಿಸಿ ನೋಡಿದರು. ಕೊರೆಸಿದ್ದದ್ದು ಅವರದೇ ಹೆಸರು. ಮೂರು ವರ್ಷದ ಹಿಂದೆ, ಜಗಳಕ್ಕೆ ಮೊದಲು, ಉಪ್ಪಿನಕಾಯಿ ತುಂಬಿ ಕೊಟ್ಟ ಡಬ್ಬಿ ಅದು. ಯಾರದೇ ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ! ತುಂಬಿ ಕೊಡಲು ಮಾತಿಲ್ಲ, ಬರಿದಾಗಿ ಕೊಡಲು ಮನಸ್ಸಿಲ್ಲ. ಮೂರು ವರ್ಷ ಅಕ್ಕೋರು ಅದನ್ನು ಹಾಗೇ ಇಟ್ಟುಕೊಂಡಿದ್ದರು.

"ಇದು ನನಗ ಇಟ್ಟದ್ದರಿ" ಎಂದರು ಕಾಕಿ, ಮೆಲ್ಲಗೆ.

ಕಾಕಾರ ಗಲ್ಲಕ್ಕೆ ಇನ್ನೂ ಶೇಂಗಾ ಪುಡಿ ಅಂಟಿತ್ತು. "ಅಂದ್ರ... ಶಾಂತಿ ಆಗಿತ್ತೇನ?"

"ಆಗಿತ್ತರಿ ಮಹಾರಾಯರ! ನೀವು ಅದನ್ನ ತಿಂದ್ರಿ!"

ಕಾಕಿ ಅರ್ಧ ಹೋಳಿಗೆ ಮುರಿದುಕೊಂಡು ಗೋಡೆಯ ಬಳಿ ಹೋದರು. ಆಚೆ ಅಕ್ಕೋರು ನಿಂತೇ ಇದ್ದರು.

"ಈ ಸಲ... ಮೆತ್ತಗಾಗ್ಯಾವನ?"

ಕಾಕಿ ಅಗಿದರು. ನಾನು ಕಣ್ಣು ಮುಚ್ಚಿದೆ. ಹೂಂ ಅನ್ನು ಕಾಕಿ, ಒಂದು ಸುಳ್ಳು ಹೇಳು!

"ಇಲ್ಲರಿ ಅಕ್ಕೋರ. ಇವೂ ಗಟ್ಟಿನ ಅದಾವ."

ಅಕ್ಕೋರು ಕನ್ನಡಕ ಏರಿಸಿ ಕಾಕಿಯ ಬಾಯಿಯನ್ನೇ ನೋಡಿದರು.

"ನಿನ್ನ ಹಲ್ಲ ಹೋಗ್ಯಾವು, ನನ್ನ ಹೋಳಿಗಿಗೆ ಯಾಕ ಅಂತೀ?" ಎಂದರು ಅಕ್ಕೋರು. ಇಬ್ಬರೂ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಆ ಡಬ್ಬಿಯಲ್ಲಿ ಕಾಕಿಯ ರವೆ ಉಂಡಿ ತುಂಬಿದವು, ಮೂರು ವರ್ಷದ ಮೇಲೆ. ಕಾಕಾ ಬಂದು ಲೈಸೆನ್ಸ್ ಮರಳಿ ಕೊಟ್ಟರು. "ತಗೋ. ಯುದ್ಧ ಮುಗೀತು. ಇನ್ನ ಹಿಡದ್ರ ನಾ ಬರೇ ಕಳ್ಳ."

ಕಾಕಿ ಡಬ್ಬಿಯನ್ನು ಅವರ ಕೈಗಿಟ್ಟರು. "ಒಯ್ದ ಕೊಟ್ಟ ಬರ್ರಿ, ಕ್ಯಾಪ್ಟನ್ನರ. ಗೋಡಿ ಮ್ಯಾಲಿಂದ ಬ್ಯಾಡ, ಬಾಗಲದಾಗಿಂದ ಹೋಗ್ರಿ."

ಕಾಕಿ ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಕಾಕಾ ಒಳಗೆ ಹೋಗಿ ಅಂಗಿ ತೊಟ್ಟು ಬಂದರು, ಗುಂಡಿ ಎಲ್ಲ ಹಾಕಿಕೊಂಡರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಉಂಡಿಯನ್ನೂ ಮುಟ್ಟದೆ, ಅಕ್ಕೋರ ಬಾಗಿಲ ತನಕ ನಡೆದರು.